ಯಜಮಾನನ ತುಂಡು

ಉಗಾಂಡದ ಆ ಊರಿನಲ್ಲಿ ಕೋಳಿ ಸಾಕುವುದು, ಮುಸುಕಿನ ಜೋಳದ ಹೊಲದಿಂದ ಅವನ್ನು ಅಟ್ಟುವುದು, ಬೇಯಿಸುವುದು ಎಲ್ಲ ಹೆಂಗಸರ ಕೆಲಸ; ತಿನ್ನುವುದು ಮಾತ್ರ ಗಂಡಸರದು. ಹೆಣ್ಣಾದವಳು ಕೋಳಿ ತಿಂದರೆ ಗಡ್ಡ ಬರುತ್ತದೆಂದು ಅತ್ತೆ ಮದುವೆಯ ದಿನವೇ ಎಚ್ಚರಿಸಿದ್ದಳು.

ಆದರೂ ಹೊಸ ಸೊಸೆ ನಬುಲೊ ಬೇಯುತ್ತಿದ್ದ ಕೋಳಿಯ ಘಮಕ್ಕೆ ಸೋತು, ಮಾವನಿಗೆ ಮೀಸಲಾದ ತುಂಡು, ಕೋಳಿಯ ಹೊಟ್ಟೆಯೊಳಗಿನ ಕಂದನಕಾಯಿಯನ್ನೇ ಬಾಯಿಗೆ ಹಾಕಿಕೊಂಡಳು. ತವರಿಗೆ ಅಟ್ಟುವಂಥ ತಪ್ಪು ಅದು. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ನನ್ನ ಕಂದನಕಾಯಿ ಎಲ್ಲಿ?" ಹೊರಗಿನಿಂದ ಮಾವ ಗದರಿದ.

"ಬೆಕ್ಕು ಕಚ್ಚಿಕೊಂಡು ಹೋಯಿತು," ಎಂದಳು ಅತ್ತೆ. ಆಮೇಲೆ ಸೊಸೆಯ ಪಕ್ಕ ಕೂತು ಪಿಸುಗುಟ್ಟಿದಳು: "ದಡ್ಡಿ, ಅವನು ಹುಡುಕುವುದು ಅದೊಂದನ್ನೇ. ಈಲಿ, ಕುತ್ತಿಗೆ ಎಲ್ಲಿ ಅಂತ ಒಂದು ದಿನವೂ ಕೇಳಿಲ್ಲ."

ಸೊಸೆಯ ಕೈ ಹಿಡಿದು ತನ್ನ ಗದ್ದದ ಮೇಲಿಟ್ಟುಕೊಂಡಳು. "ಸವರಿ ನೋಡು. ಮದುವೆಯಾದಾಗಿನಿಂದ ತಿನ್ನುತ್ತಿದ್ದೇನೆ."