ಅಜ್ಜಿಯ ವಿಚಾರಣೆ

ಭೋಸರಿಯ ಎರಕದ ಕಾರ್ಖಾನೆಗಳ ಮುಂದೆ ಹಾಯುವಾಗ ಸುಟ್ಟ ಮರಳಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಅದೇ ಮರಳಿನ ದೂಳು ವರ್ಷಗಟ್ಟಲೆ ಅಪ್ಪನ ಶ್ವಾಸಕೋಶಕ್ಕೆ ಇಳಿದಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವರು ದಿಂಬನ್ನು ಅಪ್ಪಿಕೊಂಡು ಕುಳಿತೇ ನಿದ್ರಿಸುತ್ತಿದ್ದರು. ರೋಗ ವಾಸಿಯಾಗದು, ಸಂಕಟವನ್ನಾದರೂ ಇಳಿಸೋಣ ಎಂದು ಆಸ್ಪತ್ರೆಯವರು ಕಳುಹಿಸಿದ್ದ ಸೊಲ್ಲಾಪುರ ಕಡೆಯ ನರ್ಸ್ ಅಂದು ಮಾರ್ಫಿನ್ ಔಷಧ ತಂದಿದ್ದರು. ಗಾಳಿ ತಾಗಬಾರದೆಂದು ಅಜ್ಜಿ ಮುಚ್ಚಿದ್ದ ಕಿಟಕಿಯನ್ನು ಅವರು ಮೊದಲು ತೆರೆದರು. ಅಜ್ಜಿಯ ಗುಮಾನಿ ಅಲ್ಲಿಂದಲೇ ಮೊದಲಾಯಿತು.

"ಬ್ಯಾನಿ ಹೋಗಂಗಿಲ್ಲ ಅಂತೀರಿ, ಮತ್ತ ಔಷಧ ಯಾಕ್ರಿ ನರ್ಸಬಾಯಿ? ನಿದ್ದಿ ಬರಿಸಿ ಹಂಗ ಕಳಿಸಿಬಿಡೋ ವಿಚಾರ ಅದ ಏನು?"

"ಇಲ್ರಿ ಅಜ್ಜಿ, ಭಾಳ ಸಣ್ಣ ಡೋಸ್ ಇದು. ಉಸಿರಿನ ಸಂಕಟ ಕಡಿಮಿ ಆಗ್ತದ."

"ಹಂಗಾದ್ರ ಮೊದಲ ನೀವು ಕುಡೀರಿ."

ನರ್ಸ್ ನಗಲಿಲ್ಲ, ಮುನಿಯಲೂ ಇಲ್ಲ. ಔಷಧ ಹೆಚ್ಚಾದರೆ ಕಾಣುವ ಲಕ್ಷಣಗಳನ್ನೂ ಯಾವಾಗ ಫೋನ್ ಮಾಡಬೇಕೆಂಬುದನ್ನೂ ಬಿಡಿಸಿ ಹೇಳಿದರು. ಅಜ್ಜಿ ಮತ್ತೆ ಮತ್ತೆ ಕೇಳಿದಳು.

ಕೊನೆಗೆ ಅಪ್ಪನೇ ಔಷಧಕ್ಕೆ ಕೈ ಚಾಚಿದರು. ಮಾತಿನ ನಡುನಡುವೆ ಉಸಿರೆಳೆದುಕೊಳ್ಳುತ್ತ ಅಂದರು: "ಅವ್ವಾ, ಇಷ್ಟ ಪ್ರಶ್ನೆ... ನನ್ನ ಫೌಂಡ್ರಿ ಕೆಲಸಕ್ಕ ಹಚ್ಚಿದ ದಿನಾ... ಆ ಕಾರ್ಖಾನಿ ಸಾಹೇಬಗ ಕೇಳಬೇಕಿತ್ತು."

ಔಷಧ ಕುಡಿದ ಸ್ವಲ್ಪ ಹೊತ್ತಿನ ಮೇಲೆ ಅವರು ಗೋಡೆಗೆ ಒರಗಿ ನಿದ್ದೆಹೋದರು. ಅಜ್ಜಿ ಅಪ್ಪನ ಮೂಗಿನ ಕೆಳಗೆ ಬೆರಳು ಹಿಡಿದು, ಉಸಿರು ಆಡುತ್ತಿದೆಯೇ ಎಂದು ಸಂಜೆಯವರೆಗೂ ಕಾವಲು ಕುಳಿತಳು. ಬೆರಳು ತೆಗೆಯದೆಯೇ ನನ್ನ ಕಡೆ ತಿರುಗಿ, ಮೆಲ್ಲಗೆ ಹೇಳಿದಳು:

"ಆ ಸಾಹೇಬನ ಮನಿ ಎಲ್ಲಿ ಅದ, ಕೇಳಿಕೊಂಡು ಬಾ."