ಸೀಟಿ ಊದಿದರೆ ಬರುವ ಮೀನುಗಳು

ತನ್ನ ಮೀನುಗಳು ಉಪವಾಸ ಬಿದ್ದು ಸೊರಗಿರುತ್ತವೆ ಎಂಬ ಗಟ್ಟಿ ನಂಬಿಕೆಯಿಂದ ರೆಫರಿ ನಾದಿನಿಯ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತಳ್ಳಿದ. ಹೆಂಡತಿಯ ತಂಗಿ ಕ್ಲಿನಿಕ್ಕು ತೆರೆದು ವರ್ಷಗಳೇ ಆಗಿದ್ದರೂ ಅವನು ಒಳಗೆ ಕಾಲಿಟ್ಟದ್ದು ಇದೇ ಮೊದಲು. ಫುಟ್‌ಬಾಲ್ ಮೈದಾನದಲ್ಲಿ ಆನೆಯಂಥ ಆಟಗಾರರ ಮೂಗಿನೆದುರು ಕೆಂಪು ಕಾರ್ಡು ಹಿಡಿಯುವ ಮನುಷ್ಯನಿಗೆ ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳಿದರೆ ಜೀವ ಬಾಯಿಗೆ ಬರುತ್ತಿತ್ತು. ಎಡಗಡೆಯ ದವಡೆ ಹಲ್ಲು ಎಷ್ಟೋ ದಿನದಿಂದ ಕುಯ್ಯೋ ಮರ್ರೋ ಎನ್ನುತ್ತಿದ್ದರೂ ಲವಂಗ ಒತ್ತಿ, ಬಲಗಡೆಯಲ್ಲೇ ಅಗಿದು, ಹೆಂಡತಿ ಕೇಳಿದರೆ ಮೊದಲಿಂದಲೂ ಹಾಗೇ ಅಭ್ಯಾಸ ಎಂದು ದಿನ ದೂಡುತ್ತಿದ್ದ.

ಇಲ್ಲಿಗೆ ಬರುವಂತೆ ಮಾಡಿದ್ದು ಹೊಸ ಮನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆ ಮನೆಯಲ್ಲಿ ಹಾಸಿಗೆಯೇ ಕಾಲು ಮಡಚಿಕೊಂಡಿತ್ತು. ಅಕ್ವೇರಿಯಂ ಒಳಗೆ ಬಂದರೆ ನಾವಿಬ್ಬರೂ ಪಾಳಿಯ ಮೇಲೆ ಮಲಗಬೇಕಾಗುತ್ತದೆ ಎಂದು ಹೆಂಡತಿ ತೀರ್ಪು ಕೊಟ್ಟಳು. ತಂಗಿಯ ಕ್ಲಿನಿಕ್ಕಿಗೆ ಕೊಡೋಣ ಎಂದವಳೂ ಅವಳೇ. ದೊಡ್ಡ ರಂಪವಾಗುತ್ತದೆ ಎಂದು ಪಕ್ಕದ ಮನೆಯವರು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ರೆಫರಿ ಮಾತ್ರ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ ಆಗಲಿ ಎಂದುಬಿಟ್ಟ.

ಅವನ ಲೆಕ್ಕವೇ ಬೇರೆ ಇತ್ತು. ಎಷ್ಟು ಕಾಳು ಹಾಕಬೇಕು, ನೀರು ಹೇಗೆ ಬದಲಿಸಬೇಕು, ಕ್ಯಾಪ್ಟನ್ ಎಂಬ ಹೊಂಬಣ್ಣದ ದಡಿಯ ಬೇರೆಯವರ ಪಾಲನ್ನೂ ಹೇಗೆ ನುಂಗುತ್ತಾನೆ, ಎಲ್ಲವನ್ನೂ ನಾದಿನಿಗೆ ಫೋನಿನಲ್ಲಿ ಒಪ್ಪಿಸಿದ್ದ. ಒಂದನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಮರಿಗಳಾಗಿದ್ದಾಗಿನಿಂದ ಅವಕ್ಕೆ ಸೀಟಿ ಊದಿಯೇ ಊಟ. ಸೀಟಿ ಕೇಳದೆ ಕಾಳು ಬಿದ್ದರೆ ಅವು ತಿರುಗಿಯೂ ನೋಡುವುದಿಲ್ಲ. ಇಂದಲ್ಲ ನಾಳೆ ನಾದಿನಿ ಫೋನು ಮಾಡಿ, ನಿಮ್ಮ ಸಂತಾನವನ್ನು ನೀವೇ ಸಾಕಿಕೊಳ್ಳಿ ಎಂದು ಕೈಮುಗಿಯುತ್ತಾಳೆ. ಜೀವ ಹೋಗುವ ಮಾತಾದ್ದರಿಂದ ಹೆಂಡತಿಯೂ ಬಗ್ಗುತ್ತಾಳೆ. ಚಪ್ಪಲಿ ಗೂಡನ್ನು ಬಾಗಿಲಾಚೆ ತಳ್ಳಿದರೆ ಗಾಜಿನ ತೊಟ್ಟಿಗೆ ಜಾಗ ಸಾಕೇ ಎಂದು ಅವನು ಗೇಣು ಹಾಕಿಯೂ ನೋಡಿದ್ದ. ಫೋನು ಮಾತ್ರ ಬರಲಿಲ್ಲ. ಕೊನೆಗೆ ಅವನ ಕರುಳೇ ತಡೆಯಲಿಲ್ಲ.

ಹೊರಗಿನ ಕೋಣೆಯಲ್ಲಿ ಅಕ್ವೇರಿಯಂ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ದವಡೆ ಅವನನ್ನು ನೋಡಿ ನಗುತ್ತಿತ್ತು. ಅಷ್ಟರಲ್ಲಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ನಾದಿನಿ ಹೊರಬಂದಳು.

“ಮೀನು ನೋಡೋಕ್ ಬಂದ್ರಾ ಭಾವ? ಒಳಗಿವೆ ಬನ್ನಿ.”

“ನೋಡ್ಕೊಂಡು ಹೊರಟೇಬಿಡ್ತೀನಿ ಕಣಮ್ಮ. ಮ್ಯಾಚಿದೆ.”

ಒಳಗಿನ ಕೋಣೆಯ ಗೋಡೆಗೆ ಒರಗಿ ತೊಟ್ಟಿ ಕೂತಿತ್ತು. ನಿಂತು ನೋಡಿದರೆ ಗಾಜಿನ ಮೇಲೆ ದೀಪದ ಬೆಳಕು ಹೊಡೆದು ಒಂದು ಬಾಲವೂ ಕಾಣಲಿಲ್ಲ. ಬಗ್ಗಿದ, ಕತ್ತು ಕೊಂಕಿಸಿದ, ಊಹೂಂ. ಅಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಎಂದಳು ನಾದಿನಿ. ಕೋಣೆಯಲ್ಲಿ ತೊಟ್ಟಿಗೆ ಎದುರಾಗಿ ಇದ್ದದ್ದು ಒಂದೇ ಕುರ್ಚಿ. ರೆಫರಿ ಅದರ ಅಂಚಿಗೆ ಕೂತ. ಕುರ್ಚಿ ಮೆಲ್ಲಗೆ ಹಿಂದಕ್ಕೆ ಒರಗಿತು. ಬೆಳಕು ಸರಿದು ಮೀನುಗಳು ಒಂದೊಂದಾಗಿ ಕಂಡವು. ಸೊರಗುವ ಮಾತೆಲ್ಲಿ ಬಂತು, ಕ್ಯಾಪ್ಟನ್ ಇನ್ನಷ್ಟು ಉಬ್ಬಿ ಕುಂಬಳಕಾಯಿಯಾಗಿದ್ದ.

“ಊಟ ಸರಿಯಾಗಿ ಮಾಡ್ತಾ ಇಲ್ಲ ಅನ್ಸತ್ತೆ, ಪಾಪ,” ಎಂದ ರೆಫರಿ. ದನಿ ಅವನಿಗೇ ಟೊಳ್ಳಾಗಿ ಕೇಳಿತು.

ನಾದಿನಿ ಗೋಡೆಯ ಮೊಳೆಗೆ ಕೈಹಾಕಿ, ಕೆಂಪು ದಾರದ ಸೀಟಿಯೊಂದನ್ನು ತೆಗೆದು ಚಿಕ್ಕದಾಗಿ ಊದಿದಳು. ಮೂಲೆಮೂಲೆಯಿಂದ ಮೀನುಗಳು ನುಗ್ಗಿ ಬಂದವು, ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ. ಆ ಕೆಂಪು ದಾರ ಅವನಿಗೆ ಗೊತ್ತಿತ್ತು. ಸಾಮಾನು ಸಾಗಿಸುವಾಗ ಎಲ್ಲೋ ಕಳೆದುಹೋಯಿತೆಂದು ಪೆಟ್ಟಿಗೆಗಳನ್ನೆಲ್ಲ ತಡಕಾಡಿ ಕೈಬಿಟ್ಟಿದ್ದ ಅವನ ಹಳೆಯ ಸೀಟಿ ಅದು. ರೆಫರಿಯ ಬಾಯಿ ತಾನಾಗಿ ತೆರೆದುಕೊಂಡಿತು.

“ಹಾಂ, ಹಾಗೇ ಇರಿ,” ಎಂದಳು ನಾದಿನಿ. ಪುಟ್ಟ ಕನ್ನಡಿ ಆಗಲೇ ಒಳಗೆ ಹೋಗಿಯಾಗಿತ್ತು. “ಇದನ್ನ ಅಕ್ಕ ತೊಟ್ಟಿ ಬಂದ ದಿನಾನೇ ತಂದ್ಕೊಟ್ಲು. ಸ್ವಲ್ಪ ದಿನ ಫೋನಿಗೆ ಕಾಯ್ತಾರೆ, ಆಮೇಲೆ ತಾವೇ ಬರ್ತಾರೆ, ಬಂದ್ರೆ ಬಿಡ್ಬೇಡ ಅಂದ್ಲು. ತೊಟ್ಟಿ ಎಲ್ಲಿಡ್ಬೇಕು ಅಂತ ಜಾಗ ತೋರ್ಸಿದ್ದೂ ಅವಳೇ.”

ಗಾಳಕ್ಕೆ ಹುಳು ಚುಚ್ಚಿ ಮೀನು ಹಿಡಿಯುವುದನ್ನು ರೆಫರಿ ಕಂಡಿದ್ದ. ಮೀನನ್ನೇ ಚುಚ್ಚಿ ಗಂಡನನ್ನು ಹಿಡಿಯುವುದನ್ನು ಕಂಡಿರಲಿಲ್ಲ. ಇದು ಫೌಲು ಎಂದು ಕೂಗಬೇಕೆನ್ನಿಸಿತು. ಬಾಯಿಂದ ಬಂದದ್ದು ಬರೀ “ಆ… ಆ…”

“ಪೂರ್ತಿ ಹುಳುಕಾಗಿದೆ ಭಾವ, ರೂಟ್ ಕೆನಾಲೇ ಮಾಡ್ಬೇಕು. ಒಂದೇ ಸಲಕ್ಕೆ ಮುಗಿಯಲ್ಲ. ಆಗಾಗ ಬಂದು ಇಲ್ಲೇ ಮಲಗ್ತಿರ್ಬೇಕು.”

ಕುರ್ಚಿಯ ಕೈ ಹಿಡಿದಿದ್ದ ಅವನ ಬೆರಳುಗಳು ಬೆಳ್ಳಗಾಗಿದ್ದವು. ಗಾಜಿನಾಚೆಯಿಂದ ಕ್ಯಾಪ್ಟನ್ ಅವನನ್ನೇ ನೋಡುತ್ತಿದ್ದ. ರೆಫರಿ ಬಾಯಿ ತೆರೆದಂತೆಯೇ ಆಗಲಿ ಎಂದು ತಲೆಯಾಡಿಸಿದ.

“ನೋವಾದ್ರೆ ಇದನ್ನ ಊದಿ, ನಿಲ್ಲಿಸ್ಬಿಡ್ತೀನಿ,” ಎಂದು ನಾದಿನಿ ಕೆಂಪು ದಾರದ ಸೀಟಿಯನ್ನು ಅವನ ಅಂಗೈಯಲ್ಲಿಟ್ಟಳು.

ತೆರೆದ ಬಾಯಲ್ಲಿ ಸೀಟಿ ಊದುವುದು ಹೇಗೆಂದು ಅವನು ಯೋಚಿಸುವಷ್ಟರಲ್ಲಿ ಯಂತ್ರ ಗುಂಯ್ ಎಂದಿತು. ಗಾಜಿಗೆ ಮೂತಿ ಒತ್ತಿ, ಅವನಷ್ಟೇ ಅಗಲಕ್ಕೆ ಬಾಯಿ ತೆರೆದು, ಮೀನುಗಳು ಸೀಟಿಗೆ ಕಾಯುತ್ತಿದ್ದವು.