ನಮ್ಮವರು ಯಾರೂ ಇಲ್ಲದ ಊರು

"ಎಲ್ಲಿಗಾದ್ರೂ ಹೋಗು, ವಾರ್ನಾ ಮಾತ್ರ ಬೇಡ!" ಎಂದು ಅಜ್ಜ ಶಾಬಾನ್ ಮೀನಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ಈಜಿಪ್ಟಿನ ಪೋರ್ಟ್ ಸಯೀದಿನ ಆ ಮನೆಯಲ್ಲಿ ಎಲ್ಲರೂ ತಿರುಗಿ ಅವನನ್ನೇ ನೋಡಿದರು. ಮೊಮ್ಮಗಳು ರದ್ವಾ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ ಅಜ್ಜ ಇವನೇನಾ?

ರದ್ವಾಳಿಗೆ ಹೊರದೇಶದಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಬೇಕಿತ್ತು. ಮನೆಯವರ ಷರತ್ತು ಒಂದೇ: ಆ ಊರಿನಲ್ಲಿ ನಮ್ಮವರು ಯಾರಾದರೂ ಇರಬೇಕು. ನಮ್ಮವರಿಗೇನು ಬರವೇ? ಸ್ಟುಟ್‌ಗಾರ್ಟಿನ ಚಿಕ್ಕಪ್ಪ ಫೋನ್ ಮಾಡಿ, "ಇಲ್ಲಿಗೇ ಬಾರಮ್ಮ, ನಮ್ಮ ಅವಳಿ ಮಕ್ಕಳನ್ನ ನೋಡ್ಕೊಳ್ಳೋಕೂ ಒಬ್ರು ಸಿಕ್ಕ ಹಾಗಾಗುತ್ತೆ" ಎಂದ. ಟೊರಾಂಟೋದ ಸೋದರಮಾವ ತನ್ನ ಅಂಗಡಿಯ ಮೇಲಿನ ಕೋಣೆಯ ಫೋಟೋ ಕಳಿಸಿದ. ಈರುಳ್ಳಿ ಮೂಟೆಗಳ ನಡುವೆ ಮಂಚವನ್ನು ಹುಡುಕಬೇಕಿತ್ತು. ಕ್ವಾಲಾಲಂಪುರದ ಚಿಕ್ಕಮ್ಮ ವಿಶ್ವವಿದ್ಯಾಲಯದ ಜೊತೆಗೆ ಒಬ್ಬ ವರನನ್ನೂ ನೋಡಿಟ್ಟಿದ್ದಳು.

ರದ್ವಾ ಬಚ್ಚಲಲ್ಲಿ ಅತ್ತರೆ ಸಮಾಧಾನ ಹೇಳಲು ಟೊರಾಂಟೋದಿಂದ ಫೋನ್ ಬರುತ್ತಿತ್ತು. ಅಂಥ ಮನೆ ಅದು. ಆದ್ದರಿಂದ ಶುಲ್ಕ, ಪ್ರಯೋಗಾಲಯ ಯಾವುದನ್ನೂ ನೋಡುವ ಮೊದಲು ಅವಳು ನೆಂಟರಿಲ್ಲದ ಊರನ್ನು ಹುಡುಕಿದಳು. ಸಿಕ್ಕಿದ್ದು ಬಲ್ಗೇರಿಯಾದ ವಾರ್ನಾ. ಸಮುದ್ರವಿದೆ, ಒಳ್ಳೆಯ ಕೋರ್ಸಿದೆ, ನಮ್ಮವರು ಒಬ್ಬರೂ ಇಲ್ಲ. ಸ್ವರ್ಗ!

"ಅಲ್ಲಿ ಯಾರಿದ್ದಾರಮ್ಮ ನಮಗೆ?" ಎಂದ ಅಪ್ಪ ಫಿಕ್ರಿ.

"ಯಾರೂ ಇಲ್ಲಪ್ಪ" ಎಂದಳು ರದ್ವಾ, ನಗು ನುಂಗಿಕೊಂಡು.

ಅಜ್ಜನಿಗೆ ಕೆಮ್ಮು ಹತ್ತಿತು. "ಚಳಿ ಕಣೇ ಅಲ್ಲಿ. ಬಂದರಿನಿಂದ ಮೇಲಕ್ಕೆ ಹೋಗೋ ಮೆಟ್ಟಿಲಂತೂ ಕಾಲಿಟ್ಟರೆ ಜಾರುತ್ತೆ!"

"ನಿಮಗೆ ಹೇಗ್ರೀ ಗೊತ್ತು?" ಎಂದಳು ಅಜ್ಜಿ.

"ಹಡಗಿನೋರು ಮಾತಾಡ್ತಿದ್ರು."

ಇರಬಹುದು. ಶಾಬಾನ್ ಪ್ರಾಯವನ್ನೆಲ್ಲ ಹಡಗಿನ ಎಂಜಿನ್ ಕೋಣೆಯಲ್ಲೇ ಕಳೆದವನು. ಹಡಗಿನವರು ಏನೇನೋ ಮಾತಾಡುತ್ತಾರೆ.

ಅವನ ಸಂಕಟ ಎಲ್ಲರಿಗೂ ಅರ್ಥವಾಯಿತು. ಮೊಮ್ಮಗಳನ್ನು ಬಿಟ್ಟಿರಲಾರದ ಮುದುಕ, ಪಾಪ. ಮುನಿಸಿಕೊಂಡ, ಊಟ ಬಿಟ್ಟ, ಎದೆ ಹಿಡಿದುಕೊಂಡು ಮಲಗಿದ. ಸ್ಟುಟ್‌ಗಾರ್ಟಿನ ಅವಳಿಗಳನ್ನು ಹಾಡಿ ಹೊಗಳಿದ. ರದ್ವಾ ಪಕ್ಕದಲ್ಲಿ ಕೂತು ಕಣ್ಣೀರು ಹಾಕಿದಳು, ಅವನ ಕಾಲೊತ್ತಿದಳು, ಊರು ಮಾತ್ರ ಬದಲಿಸಲಿಲ್ಲ. ಈಗ ಸೋತರೆ ಜೀವನಪೂರ್ತಿ ಈರುಳ್ಳಿ ಮೂಟೆಗಳ ನಡುವೆಯೇ ಅಂತ ಅವಳಿಗೆ ಗೊತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅಜ್ಜ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಬಹಳ ಹೊತ್ತಿನ ಮೇಲೆ ಬಿಳಿಚಿದ ಮುಖ ಹೊತ್ತು ಒಳಬಂದ.

"ಹೋಗು. ದೇವರಿಟ್ಟ ಹಾಗಾಗಲಿ" ಎಂದವನು ದನಿ ತಗ್ಗಿಸಿದ. "ಆದ್ರೆ ಅಲ್ಲಿ ಕಂಡಿದ್ದನ್ನೆಲ್ಲ ಅಜ್ಜಿಗೆ ವರದಿ ಒಪ್ಪಿಸೋಕೆ ಹೋಗ್ಬೇಡ ಕಣೇ. ಅವಳಿಗೆ ಬಿಪಿ."

ರದ್ವಾ ಅಜ್ಜನ ಕೈಗೆ ಮುತ್ತಿಟ್ಟಳು. ಎಂಥ ದೊಡ್ಡ ಮನಸ್ಸು! ಅಜ್ಜನೇ ಒಪ್ಪಿದ ಮೇಲೆ ಅಪ್ಪನೂ ಷರತ್ತನ್ನು ಬಿಟ್ಟುಕೊಟ್ಟ.

ವಾರ್ನಾ ವಿಮಾನ ನಿಲ್ದಾಣದಿಂದ ಪೆಟ್ಟಿಗೆ ಎಳೆದುಕೊಂಡು ಹೊರಬಂದವಳು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಎಲ್ಲಿಗೆ ಹೊರಟೆ, ಏನು ತಿಂದೆ ಎಂದು ಕೇಳುವವರು ಇಲ್ಲಿ ಒಬ್ಬರೂ ಇಲ್ಲ. ಗಾಳಿಯನ್ನು ಎದೆತುಂಬ ಎಳೆದುಕೊಂಡಳು.

"ರದ್ವಾ!"

ಹೂಗುಚ್ಛ ಹಿಡಿದ ಹೆಂಗಸೊಬ್ಬಳು, ಅವಳ ಹಿಂದೆ ಒಂದು ದೊಡ್ಡ ದಂಡು. ಹೆಂಗಸು ಓಡಿಬಂದು ತಬ್ಬಿಕೊಂಡು, ಎರಡೂ ಕೆನ್ನೆಗೆ ಮುತ್ತಿಟ್ಟು, ತಡವರಿಸುವ ಅರಬಿಯಲ್ಲಿ ಹೇಳಿದಳು:

"ನಿನ್ನಜ್ಜ, ಅಂದ್ರೆ ನಮ್ಮಪ್ಪ, ಫೋನ್ ಮಾಡಿದ್ರು, ನಾನು ನಿನ್ನ ಸೋದರತ್ತೆ ಕಣಮ್ಮ, ಇವರು ನನ್ನ ಮಕ್ಕಳು ಸೊಸೆಯಂದಿರು, ನಿನ್ನ ಚಿಕ್ಕಪ್ಪಂದಿರೆಲ್ಲ ಮನೇಲಿ ಕಾಯ್ತಿದ್ದಾರೆ."